ದಿನಕ್ಕೊಂದು ಗೇಣು ನೀರು

ನಮ್ಮ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ, ಈ ಜಗತ್ತಿನಲ್ಲಿ ಯಾವುದನ್ನೂ ಬಡಿದು ನೋಡದೆ ನಂಬಿದವರಲ್ಲ. ಇದು ಅಳಿಯ ಸಿಟ್ಟಿನಿಂದ ಹೇಳುವ ಮಾತೆಂದು ತಿಳಿಯಬೇಡಿ, ಹುಬ್ಬಳ್ಳಿಯ ಅರ್ಧ ಊರು ಇದಕ್ಕೆ ಸಾಕ್ಷಿ ಹೇಳುತ್ತದೆ. ಕುಂಬಾರನಲ್ಲಿ ಗಡಿಗೆಯನ್ನು ಎಲ್ಲರೂ ಬಡಿದು ನೋಡುತ್ತಾರೆ, ಒಪ್ಪೋಣ. ಕಲ್ಲಂಗಡಿಯನ್ನೂ ಬಡಿಯುತ್ತಾರೆ. ಆದರೆ ಹತ್ತುವ ಮೊದಲು ಬಸ್ಸನ್ನು ಬಡಿದು ನೋಡುವವರನ್ನು ನೀವು ಕಂಡಿದ್ದೀರಾ? ಒಮ್ಮೆ ಕೆಮ್ಮಿಗೆ ಔಷಧ ತರಲು ಹೋದವರು, ಡಾಕ್ಟರರು ಇವರ ಎದೆ ಬಡಿದು ನೋಡುವ ಮೊದಲೇ ಇವರು ಡಾಕ್ಟರರ ಮೇಜು ಬಡಿದು, ಕಟ್ಟಿಗೆ ಇನ್ನೂ ಹಸಿ ಇದೆ ಎಂದು ತೀರ್ಪು ಕೊಟ್ಟು ಬಂದಿದ್ದರು!

ಅವರು ಗೌಂಡಿ ಕೆಲಸದವರು. ಮನೆ ಗಬ್ಬೂರಿನಲ್ಲಿ, ಕೈಕೆಲಸ ದೇಶಪಾಂಡೆ ನಗರದ ಹತ್ತಾರು ಮನೆಗಳಲ್ಲಿ. ಗೋಡೆ ಕಟ್ಟುವವರು ಬೇಕಾದಷ್ಟು ಜನ ಇದ್ದರು. ಆದರೆ ನೀರು ನಿಲ್ಲುವ ಟಾಕಿಗೆ ಸುಣ್ಣದ ಗಚ್ಚು, ಅಂದರೆ ಗಾರೆ, ಹಾಕಬೇಕೆಂದರೆ ಹುಡುಕಿಕೊಂಡು ಇವರ ಮನೆಗೇ ಬರಬೇಕು. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಕಣ್ಣು ಮುಚ್ಚಿ ಕಿವಿ ಹಚ್ಚಿದರೆಂದರೆ ಒಳಗೆ ಗಟ್ಟಿಯೋ ಪೊಳ್ಳೋ ತಿಳಿದುಬಿಡುತ್ತಿತ್ತು. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಮಾತ್ರ ಅವರದಲ್ಲ. ಒಬ್ಬ ಸಾಹುಕಾರರು ಹೊಸ ಮನೆಯ ಊಟಕ್ಕೆ ಕರೆದರೆ, ಪಂಕ್ತಿಯಲ್ಲಿ ಕೂತು ಬೆನ್ನ ಹಿಂದಿನ ಗೋಡೆ ಬಡಿದು, "ಹೋಳಿಗಿ ಛಲೋ ಆಗ್ಯಾವ್ರಿ, ಗ್ವಾಡಿ ಪೊಳ್ಳ ಐತಿ" ಎಂದರು. ಆ ಮನೆಯವರು ಮತ್ತೆ ಊಟಕ್ಕೆ ಕರೆಯಲಿಲ್ಲ.

ನನ್ನನ್ನು ವರನೆಂದು ನೋಡಲು ಬಂದ ದಿನವೂ ಅಷ್ಟೇ. ನಮ್ಮ ಪಡಸಾಲೆಯ ನಾಲ್ಕೂ ಗೋಡೆಗಳನ್ನು ಬಡಿಯುತ್ತ ಪ್ರದಕ್ಷಿಣೆ ಬಂದರು. ಇವರು ಹೆಣ್ಣು ಕೊಡಲು ಬಂದಿದ್ದಾರೋ ಮನೆ ಕೊಳ್ಳಲು ಬಂದಿದ್ದಾರೋ ಎಂದು ನಮ್ಮವ್ವ ಒಳಗಿನಿಂದ ಗೊಣಗಿದಳು. ಗೋಡೆಗಳು ಮುಗಿದವು. ಮುಂದಿನ ಸರದಿ ನನ್ನ ತಲೆಯದೇ ಎಂದು ನಾನು ಚಾಪೆಯ ಮೇಲೆ ಬೆವರುತ್ತ ಕೂತಿದ್ದೆ. ಅವರು ಹತ್ತಿರ ಬಂದು ನನ್ನ ಭುಜವನ್ನು ಎರಡು ಸಲ ತಟ್ಟಿದರು. ಪ್ರೀತಿಯಿಂದ ತಟ್ಟಿದರೋ, ಬಡಿದು ನೋಡಿದರೋ, ಇಂದಿಗೂ ನನಗೆ ಗೊತ್ತಿಲ್ಲ. ಅಂತೂ ಪಾಸಾದೆ.

ಆದರೆ ಅವರ ಕಿವಿಗೂ ಕೇಳಿಸದ ಒಂದು ಪೊಳ್ಳು ನನ್ನೊಳಗಿತ್ತು. ಅದನ್ನು ಈಗ ಹೇಳಿಬಿಡುತ್ತೇನೆ.

ನಾನು ಧಾರವಾಡದ ಒಂದು ವಸತಿ ಶಾಲೆಯಲ್ಲಿ ಡ್ರಿಲ್ ಮಾಸ್ತರ. ಹಿಂದೆ ಯಾವನೋ ಬಿಳಿ ಸಾಹೇಬ ಗುಡ್ಡದ ಇಳಿಜಾರಿನಲ್ಲಿ ಕಟ್ಟಿಸಿಕೊಂಡ ಬಂಗಲೆಯೇ ಮುಂದೆ ಶಾಲೆಯಾಗಿತ್ತು. ಸಾಹೇಬ ಹೋಗುವಾಗ ಹಿಂದುಗಡೆ ಒಂದು ಈಜುಕೊಳವನ್ನು ಬಿಟ್ಟುಹೋಗಿದ್ದ. ನಾನು ನೌಕರಿ ಕೇಳಲು ಹೋದಾಗ ಹೆಡ್ ಮಾಸ್ತರರು ಈಜು ಬರುತ್ತದೆಯೇ ಎಂದು ಕೇಳಿದರು. ಕಿಟಕಿಯಿಂದ ನೋಡಿದೆ. ಕೊಳದ ಬಿರುಕಿನಲ್ಲಿ ಆಳೆತ್ತರದ ಅರಳಿ ಗಿಡ ಬೆಳೆದಿತ್ತು. ಗೋಡೆಗೆ ಮೆತ್ತಿದ ಪಿಂಗಾಣಿಯ ಬಿಳಿ ಬಿಲ್ಲೆಗಳು ಮುದುಕನ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು ಉಳಿದಿದ್ದವು. ತಳದಲ್ಲಿ ಅಡುಗೆಯ ನೀಲವ್ವ ಸಂಡಿಗೆ ಒಣಹಾಕಿದ್ದಳು. ಇಂಥ ಕೊಳದಲ್ಲಿ ಯಾರು ತಾನೇ ಈಜು ಪರೀಕ್ಷೆ ಮಾಡಿಯಾರು? ಮೀನಿನ ಹಾಗೆ ಈಜುತ್ತೇನೆ ಎಂದು ಹೇಳಿದೆ. ನೌಕರಿ ಸಿಕ್ಕಿತು.

ನಿಜ ಹೇಳಬೇಕೆಂದರೆ ನಾನು ಹುಟ್ಟಿದ ಊರಿನಲ್ಲಿ ಬಾವಿಗೆ ಕೊಡ ಬಿಟ್ಟರೆ ನೀರು ಸಿಗುವ ಮೊದಲೇ ಹಗ್ಗ ಮುಗಿಯುತ್ತಿತ್ತು. ಈಜು ಕಲಿಯುವುದೆಲ್ಲಿ? ಒಮ್ಮೆ ಉಣಕಲ್ ಕೆರೆಯಲ್ಲಿ ಕಾಲು ತೊಳೆಯಲು ಇಳಿದವನು ಜಾರಿ ಕಂಠದವರೆಗೆ ನೀರಿಗೆ ಹೋಗಿದ್ದೆ. ಯಾರೋ ದನಗಳ ಮೈ ತೊಳೆಯುವವರು ಅಂಗಿ ಹಿಡಿದು ಎಳೆದು ಹಾಕಿದರು. ಅಂದಿನಿಂದ ಹುಬ್ಬಳ್ಳಿ-ಧಾರವಾಡದ ಬಸ್ಸಿನಲ್ಲಿ ಕೆರೆಯ ಬದಿಯ ಕಿಟಕಿಗೆ ನಾನು ಕೂತವನಲ್ಲ. ಮನೆಯಲ್ಲಿ ಹಂಡೆಯಿಂದ ನೀರು ತೋಡಿ ತಲೆಯ ಮೇಲೆ ಹುಯ್ಯುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದೆ. ಇದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ.

ನಾಲ್ಕು ವರ್ಷ ಸುಖವಾಗಿ ಕಳೆದವು. ಹುಬ್ಬಳ್ಳಿ ಧಾರವಾಡ ಎರಡೂ ಕೂಡಿ ಒಂದೇ ನಗರವಾದ ಹೊಸತರಲ್ಲಿ ಎಲ್ಲರಿಗೂ ಏನಾದರೂ ದೊಡ್ಡದನ್ನು ಮಾಡುವ ಹುಮ್ಮಸ್ಸು ಬಂದಿತ್ತು. ನಮ್ಮ ಹೆಡ್ ಮಾಸ್ತರರಿಗೂ ಬಂತು. ಮೀನಿನ ಹಾಗೆ ಈಜುವ ಮಾಸ್ತರರು ಇರುವಾಗ ಕೊಳ ಯಾಕೆ ಪಾಳು ಬೀಳಬೇಕು ಎಂದು ಅವರು ಸಭೆಯಲ್ಲಿ ಕೇಳಿದರು. ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುವ ಕಾಲ, ಪರ್ಮಿಟ್ಟು ಸಿಗುವುದರೊಳಗೆ ನಾನು ನಿವೃತ್ತನಾಗಿರುತ್ತೇನೆ ಎಂದು ಧೈರ್ಯ ತಂದುಕೊಂಡೆ. ಅಷ್ಟರಲ್ಲಿ ನನ್ನ ಹೆಂಡತಿ ಹೆಡ್ ಮಾಸ್ತರರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೋದವಳು, ಸಿಮೆಂಟು ಯಾಕೆ ಬೇಕು, ನಮ್ಮಪ್ಪ ಸುಣ್ಣದ ಗಚ್ಚಿನಲ್ಲೇ ಸಮುದ್ರ ಕಟ್ಟಿಕೊಡುತ್ತಾರೆ ಎಂದು ಹೇಳಿ ಬಂದಳು! ಹೀಗೆ ನನ್ನ ಸಾವನ್ನು ನನ್ನ ಹೆಂಡತಿಯೇ ತವರಿನಿಂದ ಕರೆಸಿದಳು.

ಮಾವನವರು ಬಂದು ನಮ್ಮ ಮನೆಯ ಜಗಲಿಯಲ್ಲಿ ಹಾಸಿಗೆ ಬಿಚ್ಚಿದರು. ಮರುದಿನ ಕೊಳಕ್ಕೆ ಇಳಿದು ಉಳಿದ ಬಿಲ್ಲೆಗಳನ್ನು ಒಂದೊಂದಾಗಿ ಬಡಿಯತೊಡಗಿದರು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಪೊಳ್ಳು. ಪೊಳ್ಳಿದ್ದಲ್ಲಿ ಇದ್ದಿಲಿನ ಗುರುತು. ಮೂರು ದಿನಕ್ಕೆ ಕೊಳದ ತುಂಬ ಇದ್ದಿಲಿನ ಗುರುತೇ ಆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇದು ರಿಪೇರಿ ಆಗುವ ಕೊಳವಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ಅರಳಿ ಗಿಡದ ಬೇರು ಕೀಳಿಸಿದರು, ಹಳೆಯ ಗಚ್ಚು ಕೆತ್ತಿಸಿದರು, ಎತ್ತು ಕಟ್ಟಿ ತಿರುಗಿಸುವ ಗಾಣ ಹೂಡಿಸಿ ಅದರಲ್ಲಿ ಸುಣ್ಣ, ಉಸುಕು, ಇಟ್ಟಿಗೆಯ ಪುಡಿ ಹಾಕಿ ಅರೆಯಿಸಿದರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ನೀರು. ಆ ಗಾಣ ಗರಗರ ತಿರುಗುವ ಸದ್ದು ಶಾಲೆಯ ಮೈದಾನಕ್ಕೆ ಕೇಳುತ್ತಿತ್ತು. ಡ್ರಿಲ್ಲಿನಲ್ಲಿ ಒಂದು ಎರಡು ಎಂದು ಎಣಿಸುತ್ತಿದ್ದ ನಾನು ಎಷ್ಟೋ ಸಲ ಎರಡರಲ್ಲೇ ನಿಂತುಬಿಡುತ್ತಿದ್ದೆ.

ಕೊಳಕ್ಕೆ ದಿನದಿನಕ್ಕೆ ಕಳೆ ಬಂತು, ನನ್ನ ಮುಖದ ಕಳೆ ದಿನದಿನಕ್ಕೆ ಹೋಯಿತು. ತೆಗೆದ ಬಿಲ್ಲೆಗಳನ್ನು ಅವರು ತಿಕ್ಕಿ ತೊಳೆದು, ರಾತ್ರಿಯಿಡೀ ನೆನೆಹಾಕಿ, ಒಂದೊಂದನ್ನೇ ಮತ್ತೆ ಕೂಡಿಸಿದರು. ಆಳದ ತುದಿಯಲ್ಲಿ ಸಾಹೇಬನ ಕಾಲದ ಒಂದು ನೀಲಿ ಬಿಲ್ಲೆ ಸಿಕ್ಕಿತು. ಎಂಟು ಅಡಿ ಎಂದು ತಿಳಿಸುವ ಅಂಕಿ ಅದರ ಮೇಲಿತ್ತು. ಮಾವನವರು ಅದನ್ನು ಧೋತರದ ಚುಂಗಿನಿಂದ ಒರೆಸಿ ನನಗೆ ತೋರಿಸಿದರು. ನಾನು ಐದೂವರೆ ಅಡಿ ಇದ್ದೇನೆ. ಉಳಿದ ಎರಡೂವರೆ ಅಡಿ ನೀರು ನನ್ನ ತಲೆಯ ಮೇಲೆ ನಿಂತು ಏನು ಮಾಡುತ್ತದೆ ಎಂಬ ಲೆಕ್ಕ ಪಾಠದ ಹೊತ್ತಿಗೂ ಊಟದ ಹೊತ್ತಿಗೂ ನನ್ನನ್ನು ಬಿಡಲಿಲ್ಲ. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯುತ್ತಿತ್ತು. ಹೆಂಡತಿ, ಅಪ್ಪನಿಗೆ ಕೆಲಸದಲ್ಲಿ ಕೈಜೋಡಿಸಿ ದಣಿದಿದ್ದೀರಿ ಎಂದು ಮರುಗಿದಳು.

ಗಚ್ಚು ಒಣಗಿದ ಮೇಲೆ ಪರೀಕ್ಷೆ. ಆಳದ ತುದಿಯಲ್ಲಿ ಮೊಣಕಾಲುದ್ದ ನೀರು ಬಿಡಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದರು. ದಂಡೆಯ ಮೇಲೆ ಅಗಲ ಬಾಯಿಯ ಒಂದು ತಾಮ್ರದ ಪಾತ್ರೆಯಲ್ಲಿ ನೀರು ತುಂಬಿಟ್ಟು ಅದರೊಳಗೂ ಒಂದು ಗೆರೆ ಎಳೆದರು. ಬಿಸಿಲು ಎರಡರಲ್ಲೂ ಒಂದೇ ಸಮನೆ ನೀರು ಕುಡಿಯುತ್ತದೆ, ಪಾತ್ರೆಗಿಂತ ಕೊಳದಲ್ಲಿ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ ಎಂದು ನನಗೆ ತಿಳಿಸಿ ಹೇಳಿದರು. ಆಮೇಲೆ ರೂಢಿಯ ಪ್ರಕಾರ ಪಾತ್ರೆಗೂ ಕೊಳಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು, ಗಂಗಮ್ಮನಿಗೆ ಕೈಮುಗಿದರು.

ವಾರ ಕಳೆಯಿತು. ಕೊಳದ ನೀರು ಗೆರೆಯಿಂದ ಎರಡು ಬೆರಳು ಇಳಿದಿತ್ತು. ಪಾತ್ರೆಯ ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ!

ಅಷ್ಟು ವರ್ಷದಲ್ಲಿ ಮಾವನವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖ ಸುಣ್ಣವಾಯಿತು. ನೀರು ಖಾಲಿ ಮಾಡಿಸಿ ಮತ್ತೆ ಪ್ರತಿಯೊಂದು ಬಿಲ್ಲೆಯನ್ನೂ ಬಡಿದರು. ಎಲ್ಲವೂ ಟಣ್. ತಳಕ್ಕೆ ಕಿವಿ ಹಚ್ಚಿ ಅಂಗಾತ ಬೋರಲು ಹೊರಳಿದರು. ಎಲ್ಲೂ ಪೊಳ್ಳಿಲ್ಲ. ಮತ್ತೆ ನೀರು ಬಿಟ್ಟು ಮತ್ತೆ ಗೆರೆ ಎಳೆದರು. ಎರಡೇ ದಿನಕ್ಕೆ ಅದೇ ಹಣೆಬರಹ. ಹೆಡ್ ಮಾಸ್ತರರು ದೊಡ್ಡ ಮನಸ್ಸು ಮಾಡಿ, ಎರಡು ಬೆರಳು ತಾನೇ, ಯಾರು ಅಳೆಯುತ್ತಾರೆ, ತುಂಬಿಸಿಬಿಡೋಣ ಎಂದರು. ಮಾವನವರು ಒಪ್ಪಲಿಲ್ಲ.

"ಸೋರೂ ಗಚ್ಚಿಗೆ ಛಲೋ ಐತಿ ಅಂತ ನಾ ಹೇಳೂದಿಲ್ರಿ" ಎಂದರು. "ಇನ್ನ ನಾಕ ದಿನಾ ನೋಡ್ತೇನಿ. ಮತ್ತ ಇಳದ್ರ ನನ್ನ ಕೈಯಿಂದನ ಒಡದು ಹಾಕ್ತೇನಿ."

ನನಗೆ ಒಳಗೊಳಗೇ ಜೀವ ಬಂತು. ಒಡೆದರೆ ಕೊಳವಿಲ್ಲ, ಕೊಳವಿಲ್ಲದಿದ್ದರೆ ಈಜಿಲ್ಲ, ಈಜಿಲ್ಲದಿದ್ದರೆ ನಾನುಂಟು. ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮರುದಿನ ನಸುಕಿನಲ್ಲಿ ಡ್ರಿಲ್ಲಿಗೆ ಹೊರಟವನು ಕೊಳದ ಹತ್ತಿರ ನೀಲವ್ವನನ್ನು ಕಂಡೆ. ಒಂದು ತಂಬಿಗೆ ನೀರು ತಂದು, ತಾಮ್ರದ ಪಾತ್ರೆಗೆ ಹನಿಹನಿಯಾಗಿ, ಸರಿಯಾಗಿ ಆ ಗೆರೆಯವರೆಗೆ ಹುಯ್ದು, ಒಂದು ಕಣಗಿಲ ಹೂವು ತೇಲಿಬಿಟ್ಟು ಕೈಮುಗಿಯುತ್ತಿದ್ದಳು. ಇದೇನೆಂದು ಕೇಳಿದೆ. ಹಿರಿಯರು ಕುಂಕುಮ ಹಚ್ಚಿ ಪೂಜಿಸಿ ಇಟ್ಟ ಗಂಗಮ್ಮ, ಕಡಿಮೆಯಾಗಲು ಬಿಡಬಾರದು, ಮೊದಲನೆಯ ದಿನದಿಂದಲೂ ಒಲೆ ಹಚ್ಚುವ ಮೊದಲು ಇದೊಂದು ಸೇವೆ ಎಂದಳು. ಹೂವನ್ನು ಮಾವನವರು ದಿನವೂ ನೋಡಿದ್ದರು. ದಂಡೆಯ ಪಕ್ಕದಲ್ಲೇ ಕಣಗಿಲ ಗಿಡವಿತ್ತು, ಉದುರಿದ್ದು ಎಂದು ತೆಗೆದು ಬಿಸಾಡುತ್ತಿದ್ದರು. ತಮ್ಮ ಗಚ್ಚಿನ ಮೇಲೇ ಸಂಶಯ ಬಂದವರಿಗೆ, ಬಿಸಿಲಿನಲ್ಲಿಟ್ಟ ಪಾತ್ರೆಯ ನೀರು ಯಾಕೆ ಇಳಿಯಲಿಲ್ಲ ಎಂದು ಕೇಳಬೇಕೆಂಬುದೇ ಹೊಳೆದಿರಲಿಲ್ಲ.

ಕೊಳ ಸೋರುತ್ತಿರಲಿಲ್ಲ! ಇದು ಗೊತ್ತಿದ್ದವನು ಇಡೀ ಧಾರವಾಡದಲ್ಲಿ ನಾನೊಬ್ಬನೇ.

ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಸುಮ್ಮನಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ನಾಲ್ಕು ದಿನ ಸುಮ್ಮನಿದ್ದೆ. ಮಾವನವರು ಊಟ ಬಿಟ್ಟರು. ಚಹಾ ಕೊಟ್ಟರೆ ಕಪ್ಪು ಕೈಯಲ್ಲೇ ಆರುತ್ತಿತ್ತು. ತಮ್ಮ ಕಿವಿ ಹೋಯಿತೇನೋ ಎಂದು ಮಗಳನ್ನು ಕೇಳಿದರಂತೆ. ಗಡಿಗೆ, ಬಾಗಿಲು, ಮೇಜು ಒಂದನ್ನೂ ಬಡಿಯದಾದರು. ಮನೆ ಎಷ್ಟು ಸ್ತಬ್ಧವಾಯಿತೆಂದರೆ ನನಗೇ ಹೆದರಿಕೆಯಾಯಿತು. ನೀರಿಗಿಂತ ಆ ಸ್ತಬ್ಧತೆಗೆ ಹೆಚ್ಚು ಹೆದರಿದೆ ಎಂದರೆ ನಂಬುತ್ತೀರಾ?

ಐದನೆಯ ದಿನ ಮುಂಜಾನೆ ಅವರು ಸುತ್ತಿಗೆ, ಉಳಿ ಹಿಡಿದು ಕೊಳದ ಮೆಟ್ಟಿಲಿಳಿದರು. ನಾನು ಹಿಂದೆಯೇ ಹೋದೆ. ತಾವೇ ಕೂಡಿಸಿದ ಬಿಲ್ಲೆಯ ಮೇಲೆ ಉಳಿ ಇಟ್ಟರು. ಸುತ್ತಿಗೆ ಎತ್ತಿದರು. ನನ್ನಿಂದ ತಡೆಯಲಾಗಲಿಲ್ಲ.

"ಮಾವಾರ, ಒಡೀಬ್ಯಾಡ್ರಿ. ಕೊಳಾ ಸೋರಾಕತ್ತಿಲ್ಲ. ನೀಲವ್ವ ದಿನಾ ಆ ಪಾತ್ರಿಗೆ ನೀರು ಹಾಕ್ತಾಳ್ರಿ."

ಅವರು ಉಳಿ ತೆಗೆಯದೆ ನನ್ನತ್ತ ನೋಡಿದರು. "ಯಾವಾಗ ನೋಡಿದ್ರಿ?"

"ನಾಕ ದಿನಾ ಆತ್ರಿ."

"ನಾಕ ದಿನಾ ಯಾಕ ಸುಮ್ಮನಿದ್ರಿ?"

"ನನಗ ಈಸ ಬರೂದಿಲ್ರಿ" ಎಂದೆ. "ನೀರು ಕಂಡ್ರ ಜೀವಾ ಹೋಗತೈತಿ. ಸುಳ್ಳ ಹೇಳಿ ನೌಕರಿ ಹಿಡದೇನಿ. ಇದು ತುಂಬಿದ್ರ ನೌಕರಿ ಹೋಗತೈತಿ, ಇಲ್ಲಾ ನಾನ ಹೋಗತೇನಿ."

ಬೈಯುತ್ತಾರೆ ಎಂದುಕೊಂಡೆ. ನಕ್ಕರೂ ಸಾಕು ಎಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ. ಉಳಿಯನ್ನು ಚೀಲದಲ್ಲಿ ಹಾಕಿ ಮೆಟ್ಟಿಲು ಹತ್ತಿ ಹೋದರು. ನೀಲವ್ವನನ್ನು ಬೈಯದೆ, ಪಾತ್ರೆಯನ್ನು ಮಾತ್ರ ನಮ್ಮ ಮನೆಯ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ಎರಡು ದಿನದಲ್ಲಿ ಕೊಳದ ನೀರೂ ಪಾತ್ರೆಯ ನೀರೂ ಸರಿಸಮ ಇಳಿದವು. ಅಂದು ಅವರು ಆರು ರೊಟ್ಟಿ ತಿಂದು, ತಟ್ಟೆಯನ್ನು ಬಡಿದು ನೋಡಿ ಎದ್ದರು.

ಹೆಡ್ ಮಾಸ್ತರರಿಗೆ ಅವಸರ. ಪಾಲಕರನ್ನೆಲ್ಲ ಕರೆದು ಕೊಳ ತೆರೆಯುವ ಸಮಾರಂಭ, ಮೊದಲು ನೀರಿಗೆ ಹಾರುವವನು ನಾನು. ಪಂಪು ಹಚ್ಚಿ ಎರಡು ದಿನದಲ್ಲಿ ತುಂಬಿಸಿ ಎಂದರು. ಮಾವನವರು ತಲೆ ಅಲ್ಲಾಡಿಸಿದರು.

"ಹೊಸಾ ಗಚ್ಚು ಐತ್ರಿ. ದಿನಕ್ಕ ಒಂದ ಗೇಣ ನೀರು, ಅದಕ್ಕಿಂತ ಹೆಚ್ಚಿಗಿ ಬಿಡಾಕ ಬರೂದಿಲ್ಲ."

ಗಚ್ಚಿನ ವಿಷಯದಲ್ಲಿ ಅವರ ಮಾತಿಗೆ ಎದುರಾಡುವವರು ಯಾರು? ಸಮಾರಂಭ ಮುಂದೆ ಹೋಯಿತು. ನನ್ನನ್ನು ಮರುದಿನ ಬೆಳಕು ಹರಿಯುತ್ತಲೇ ಎಬ್ಬಿಸಿ ಕೊಳಕ್ಕೆ ಕರೆದೊಯ್ದರು. ಹೆಗಲ ಮೇಲೆ ಬಾವಿಯ ಹಗ್ಗ, ಕೈಯಲ್ಲಿ ಒಣಗಿದ ಎರಡು ಸೋರೆಬುರುಡೆ. ಬುರುಡೆಗಳನ್ನು ನನ್ನ ಬೆನ್ನಿಗೆ ಕಟ್ಟಿ, ಹಗ್ಗವನ್ನು ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ತಾವು ಹಿಡಿದು ದಂಡೆಯ ಮೇಲೆ ಕೂತರು. ಇಳಿಯಿರಿ ಎಂದರು. ಸಾಹೇಬನ ಈಜುಕೊಳದಲ್ಲಿ, ಡ್ರಿಲ್ ಮಾಸ್ತರನೆಂಬ ಪ್ರಾಣಿ, ಬಾವಿಗೆ ಬಿಟ್ಟ ಕೊಡದಂತೆ ಇಳಿಯಿತು.

ಮೊದಲ ದಿನ ನೀರು ತೊಡೆಗೂ ಬಂದಿರಲಿಲ್ಲ, ಆದರೂ ನನ್ನ ಹಲ್ಲು ಕಟಕಟಿಸಿದವು. ಮುಖ ಮುಳುಗಿಸಿ ಹತ್ತು ಎಣಿಸಲು ಹೇಳಿದರು. ಮೂರಕ್ಕೇ ಎದ್ದೆ. ಇನ್ನೊಮ್ಮೆ ಎಂದರು ಅಷ್ಟೇ. ಮರುದಿನ ಒಂದು ಗೇಣು ಹೆಚ್ಚು. ಅದರ ಮರುದಿನ ಇನ್ನೊಂದು ಗೇಣು. ಸೊಂಟಕ್ಕೆ ಬಂದಾಗ ಕಾಲು ಬಡಿಯಲು ಕಲಿತೆ. ಎದೆಗೆ ಬಂದಾಗ ತೇಲಿದೆ. ಕುತ್ತಿಗೆಗೆ ಬಂದ ದಿನ ಹೆದರಿ ಹಗ್ಗ ಹಿಡಿದು ಜೋತುಬಿದ್ದೆ, ಮಾವನವರೇ ನೀರಿಗೆ ಬೀಳುವುದಿತ್ತು. ಅಂದು ಅವರ ಅಂಗೈ ಹಗ್ಗ ಉಜ್ಜಿ ಸುಲಿದಿತ್ತು. ಮನೆಯಲ್ಲಿ ಮಗಳು ಕೇಳಿದರೆ, ಗಚ್ಚಿನ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಎಂದರು.

ಒಂದು ಮುಂಜಾನೆ ವಾಯುಸೇವನೆಗೆ ಬಂದ ಹೆಡ್ ಮಾಸ್ತರರು ನಮ್ಮನ್ನು ಕಂಡುಬಿಟ್ಟರು! ನಾನು ಬೆನ್ನ ಮೇಲೆ ಎರಡು ಬುರುಡೆ ಹೊತ್ತು ಬೋರಲು ತೇಲುತ್ತಿದ್ದೆ. ಮಾವನವರು ಆಕಾಶ ನೋಡತೊಡಗಿದರು. ತಳದ ಬಿಲ್ಲೆಗಳು ಕದಲಿವೆಯೋ ಎಂದು ಮೇಲಿನಿಂದ ತಪಾಸಣೆ ನಡೆಸಿದ್ದೇನೆ ಎಂದು ನಾನೇ ನೀರು ಉಗುಳುತ್ತ ವರದಿ ಒಪ್ಪಿಸಿದೆ. ಹೆಡ್ ಮಾಸ್ತರರು ಅದೇ ದಿನ ಸಭೆಯಲ್ಲಿ ನನ್ನ ಕರ್ತವ್ಯನಿಷ್ಠೆಯನ್ನು ಕೊಂಡಾಡಿದರು.

ನೀರು ಎಂಟು ಅಡಿಯ ಬಿಲ್ಲೆ ಮುಟ್ಟಿದ ದಿನ ಬುರುಡೆಗಳನ್ನು ಬಿಚ್ಚಿದರು. ಹಗ್ಗವನ್ನು ಬಿಚ್ಚಿದ್ದು ಸಮಾರಂಭದ ಹಿಂದಿನ ದಿನ. ಆ ಸಮಾರಂಭವನ್ನು ಏನೆಂದು ಹೇಳಲಿ? ಭಾಷಣಗಳಾದವು, ಹಾರಗಳಾದವು. ನಾನು ಆಳದ ತುದಿಯಲ್ಲಿ ನಿಂತು, ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತು, ಕಣ್ಣು ಮುಚ್ಚಿ ಹಾರಿದೆ. ಕಿವಿಯಲ್ಲಿ ಗುಂಯ್ ಎಂದಿತು. ಎದ್ದೆ, ಕೈ ಬೀಸಿದೆ, ಕಾಲು ಬಡಿದೆ, ಕೊಳದ ನಾಲ್ಕು ಗುಟುಕು ನೀರು ಕುಡಿದೆ, ಆ ದಂಡೆ ಮುಟ್ಟಿದೆ. ಚಪ್ಪಾಳೆ ಬಿತ್ತು. ಮೇಲೆ ಹತ್ತಿ ನೋಡಿದರೆ ಮಾವನವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೊಡ್ಡ ಮನುಷ್ಯರಂತೆ ನಿಂತಿದ್ದರು. ಹಿಂದೆ ಹೋಗಿ ನೋಡಿದೆ. ಆ ಕೈಯಲ್ಲಿ ಬಾವಿಯ ಹಗ್ಗ ಸುತ್ತಿಟ್ಟಿದ್ದರು.

ಇದಾಗಿ ಐದಾರು ವರ್ಷಗಳ ಮೇಲೆ ನಾವು ಹುಬ್ಬಳ್ಳಿಗೆ ಬಂದು ಮನೆ ಮಾಡಿದೆವು. ಮಾವನವರೂ ನಮ್ಮ ಜೊತೆಗೇ ಇದ್ದರು. ಅಷ್ಟೊತ್ತಿಗೆ ಅವರ ಕೈ ಅದುರುತ್ತಿತ್ತು, ಕೆಲಸ ಬಿಟ್ಟಿದ್ದರು. ಹಿತ್ತಲಿನ ನೀರಿನ ಟಾಕಿಗೆ ಗಚ್ಚು ಹಾಕಲು ಅವರ ಕೈಕೆಳಗೆ ಕಲಿತ ಒಬ್ಬ ಗೌಂಡಿ ಬಂದ. ಗಚ್ಚು ಒಣಗಿದ ದಿನ ಅವನು ನಳ ಪೂರ್ತಿ ತಿರುಗಿಸಿ ನೀರು ಬಿಟ್ಟ. ನಾನು ಗಾಬರಿಯಾಗಿ ಓಡಿಹೋಗಿ ನಳ ನಿಲ್ಲಿಸಿದೆ. ದಿನಕ್ಕೆ ಒಂದೇ ಗೇಣು ನೀರು ಬಿಡಬೇಕೆಂಬುದು ಗೊತ್ತಿಲ್ಲವೇ ಎಂದು ಗದರಿದೆ. ಅವನು ನನ್ನ ಮುಖವನ್ನೇ ನೋಡಿದ.

"ಯಾರ ಹೇಳಿದ್ರಿ ನಿಮಗ? ಒಣಗಿದ ಗಚ್ಚಿಗೆ ಒಮ್ಮೆಲೆ ನೀರು ತುಂಬಬೇಕ್ರಿ. ದಿನಾ ಅಷ್ಟಷ್ಟ ಬಿಟ್ರ ಮ್ಯಾಲಿನ ಗಚ್ಚು ಬಿಸಲಿಗೆ ಕಾದು ಬಿರಕ ಬಿಡತೈತಿ. ನಿಮ್ಮ ಮಾವಾರ ನಮಗ ಬಡದು ಬಡದು ಕಲಿಸ್ಯಾರ."

ನಾನು ನಿಂತಲ್ಲೇ ನಿಂತೆ. ಎರಡು ಬೆರಳು ನೀರು ಇಳಿದದ್ದಕ್ಕೆ ಅನ್ನ ಬಿಟ್ಟಿದ್ದ ಮನುಷ್ಯ! ಪರೀಕ್ಷೆಯ ದಿನಗಳ ಮೇಲೆ ಮತ್ತೂ ಹತ್ತು ದಿನ ಆ ಗಚ್ಚನ್ನು ಬಿಸಿಲಿಗೊಡ್ಡಿ, ಎಲ್ಲಿ ಬಿರುಕು ಬಿಡುತ್ತದೆಯೋ ಎಂದು ಎಷ್ಟು ಹೆದರಿರಬೇಕು. ಆ ಹೆದರಿಕೆಯನ್ನು ನನಗೆ ಒಂದು ದಿನವೂ ತೋರಿಸದೆ ದಂಡೆಯ ಮೇಲೆ ಹಗ್ಗ ಹಿಡಿದು ಕೂತಿದ್ದರು.

ಒಳಗೆ ಹೋದೆ. ಅವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಿತ್ತಲಿನ ಮಾತು ಅವರಿಗೆ ಕೇಳಿಸಿತ್ತು ಎಂಬುದು ಗೊತ್ತಾಯಿತು. ಅವರ ಕಾಲ ಬಳಿ ಕೂತು ಕೇಳಿದೆ.

"ಬಿರಕ ಬಿಟ್ಟಿದ್ರ ಏನ ಮಾಡ್ತಿದ್ರಿ, ಮಾವಾರ?"

ಅವರು ಈ ಕಡೆ ಹೊರಳಲಿಲ್ಲ.

"ಗಚ್ಚು ಮತ್ತೊಮ್ಮೆ ಹಾಕಾಕ ಬರತಿತ್ತಲ್ರಿ" ಎಂದರು.